ಆನ್‌ಲೈನ್ ವೀಣೆ ಪಾಠ: ಬೆರಳು ಮಸುಕು, ತಂಬೂರಿ ಮಾಯ

ತಂತಿನಾದ:
ಎಪ್ಪತ್ತು ದಾಟಿದ ವೀಣೆ ಗುರುಗಳ ಮನೆಯಲ್ಲಿ ವೀಡಿಯೊ ಪಾಠಕ್ಕೆ ವ್ಯವಸ್ಥೆ ಆಗಬೇಕು. ವಿಂಡೋಸ್ ಲ್ಯಾಪ್‌ಟಾಪ್, 1080ಪಿ ಯುಎಸ್‌ಬಿ ವೆಬ್‌ಕ್ಯಾಮ್, ಫೈಬರ್ ಇಂಟರ್ನೆಟ್ ಇದೆ. ಎಡಗೈ ವೀಣೆಯ ಮೆಟ್ಟಿಲ (ತಂತಿಯ ಕೆಳಗಿನ ಸ್ವರಪಟ್ಟಿಗಳ) ಮೇಲೆ ಜಾರಿದ ಕೂಡಲೇ ಬೆರಳು ಮಸುಕಾಗುತ್ತೆ, ಗಮಕ (ಸ್ವರದ ಓಲಾಟ) ಹೇಗೆ ಎಳೆದರು ಅಂತ ಕಾಣಿಸಲ್ಲ. ಎಲೆಕ್ಟ್ರಾನಿಕ್ ತಂಬೂರಿ ಶಿಷ್ಯರಿಗೆ ಕ್ಷಣ ಕೇಳಿಸಿ ಅಡಗಿಬಿಡುತ್ತೆ, ಸ್ವರದ ಕಾರ್ವೆಯೂ (ನೀಳವಾಗಿ ನಿಲ್ಲುವ ನಾದ) ಅರ್ಧಕ್ಕೇ ನಿಲ್ಲುತ್ತೆ. 4ಕೆ ಕ್ಯಾಮೆರಾ ಕೊಂಡರೆ ಸರಿಹೋಗುತ್ತಾ? ಗುರುಗಳು ದಿನಾ ಒತ್ತಬೇಕಾದ್ದು ಒಂದೆರಡು ಬಟನ್ ಅಷ್ಟೇ ಇರಬೇಕು.

ಬೆಳಕಿಂಡಿ:
4ಕೆ ಬೇಡ. ಕರೆಯಲ್ಲಿ ಸಾಮಾನ್ಯವಾಗಿ ಸಾಗುವುದೇ 720ಪಿ ಅಥವಾ ಅದಕ್ಕೂ ಕಡಿಮೆ. ಮಸುಕಿಗೆ ಕಾರಣ ಬೆಳಕಿನ ಕೊರತೆ. ಸೆಕೆಂಡಿಗೆ 30 ಚಿತ್ರ ಬೇಕಾದರೆ ಒಂದೊಂದಕ್ಕೂ ಹೆಚ್ಚೆಂದರೆ 1/30 ಸೆಕೆಂಡು ಸಿಗುತ್ತೆ. ಕೋಣೆ ಮಬ್ಬಾಗಿದ್ದರೆ ಎಷ್ಟೋ ವೆಬ್‌ಕ್ಯಾಮ್‌ಗಳು ತಾವಾಗಿ 15 ಚಿತ್ರಕ್ಕೆ ಇಳಿದು, ಒಂದೊಂದಕ್ಕೂ 1/15 ಸೆಕೆಂಡಿನವರೆಗೆ ಬೆಳಕು ಕುಡಿಯುತ್ತವೆ. ಅಷ್ಟರಲ್ಲಿ ಬೆರಳು ಮುಂದಿನ ಮೆಟ್ಟಿಲಿಗೆ ಹೋಗಿರುತ್ತೆ, ಚಿತ್ರದಲ್ಲಿ ಗೆರೆ ಮಾತ್ರ ಉಳಿಯುತ್ತೆ.

ಮೊದಲು ಗುರುಗಳ ಎಡಮುಂಭಾಗದಿಂದ ಮೆಟ್ಟಿಲುಗಳ ಮೇಲೆ ಬೀಳುವ ಹಾಗೆ ಒಂದು ಟೇಬಲ್ ಲ್ಯಾಂಪ್ ಇಡಿ, 9 ವ್ಯಾಟ್ ಎಲ್‌ಇಡಿ ಸಾಕು. ಕಿಟಕಿ ಅವರ ಬೆನ್ನ ಹಿಂದೆ ಇರಬಾರದು. ಆಮೇಲೆ ಕ್ಯಾಮೆರಾ ಸೆಟ್ಟಿಂಗ್ ಬದಲಿಸಲು ಉಚಿತವಾಗಿ ಸಿಗುವ ಒಬಿಎಸ್ ಸ್ಟುಡಿಯೋ ಅನ್ನೋ ವೀಡಿಯೊ ಆ್ಯಪ್ ಹಾಕಿ, ವೀಡಿಯೊ ಕ್ಯಾಪ್ಚರ್ ಡಿವೈಸ್ ಸೇರಿಸಿ, ಕಾನ್ಫಿಗರ್ ವೀಡಿಯೊ ಒತ್ತಿ. ಅಲ್ಲಿ ಲೋ ಲೈಟ್ ಕಾಂಪೆನ್ಸೇಷನ್ (ಮಬ್ಬಿನಲ್ಲಿ ಚಿತ್ರಗಳ ಸಂಖ್ಯೆ ಇಳಿಸುವುದು ಇದೇ) ಇದ್ದರೆ ಟಿಕ್ ತೆಗೆಯಿರಿ. ಪವರ್‌ಲೈನ್ ಫ್ರೀಕ್ವೆನ್ಸಿ 50 ಹರ್ಟ್ಸ್ ಇರಲಿ. 60ರಲ್ಲಿದ್ದರೆ ನಮ್ಮ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆ ಹರಿದಾಡುತ್ತೆ. ಫೋಕಸ್ಸಿನ ಆಟೋ ತೆಗೆದು ಮೆಟ್ಟಿಲಿಗೆ ಹೊಂದಿಸಿ, ಇಲ್ಲದಿದ್ದರೆ ಕೈ ಆಡಿದಾಗಲೆಲ್ಲ ಕ್ಯಾಮೆರಾ ತಡಕಾಡುತ್ತೆ. ಮುಗಿದ ಮೇಲೆ ಒಬಿಎಸ್ ಮುಚ್ಚಿಬಿಡಿ, ತೆರೆದಿದ್ದರೆ ಕ್ಯಾಮೆರಾ ಪಾಠದ ಆ್ಯಪ್‌ಗೆ ಸಿಗದೇ ಹೋಗಬಹುದು. ಕೆಲವು ಕ್ಯಾಮೆರಾಗಳು ವೈರ್ ಕಿತ್ತರೆ ಇದನ್ನೆಲ್ಲ ಮರೆಯುತ್ತವೆ, ಹಾಗಾಗಿ ಚುಚ್ಚಿದ್ದು ಚುಚ್ಚಿಯೇ ಇರಲಿ.

ಷಡ್ಜ:
ತಂಬೂರಿ ಮಾಯವಾಗೋದು ಕರೆಯ ಆ್ಯಪ್‌ನಲ್ಲಿರುವ ನಾಯ್ಸ್ ಸಪ್ರೆಷನ್‌ನಿಂದ, ಅಂದರೆ ಗದ್ದಲ ಅಡಗಿಸುವ ವ್ಯವಸ್ಥೆಯಿಂದ. ಏರಿಳಿತವಿಲ್ಲದೆ ಒಂದೇ ಸಮ ಬರುವ ಶಬ್ದವನ್ನು ಅದು ಫ್ಯಾನಿನ ಸದ್ದು ಅಂದುಕೊಂಡು ಒರೆಸುತ್ತೆ. ಮಾತಿಗೆ ಅದು ವರ, ಶ್ರುತಿಗೆ ಶತ್ರು. ಕಾರ್ವೆ ಕತ್ತರಿಸೋದೂ ಅದೇ.

ಜೂಮ್ ಆದರೆ ಸೆಟ್ಟಿಂಗ್ಸ್, ಆಡಿಯೊ, ಅಲ್ಲಿ ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್ ಆರಿಸಿ. ಅದರಡಿಯ ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್ ಹಾಕಿ, ಸ್ಟೀರಿಯೊ ಬೇಡ. ಎಕೋ ಕ್ಯಾನ್ಸಲೇಷನ್ (ಮಾರ್ದನಿ ತಡೆಯುವ ವ್ಯವಸ್ಥೆ) ತೆಗೆದರೆ ನಾದ ಇನ್ನೂ ತುಂಬಿ ಬರುತ್ತೆ. ಪಾಠ ಶುರುವಾದಾಗ ಪರದೆಯ ಎಡಮೇಲ್ತುದಿಯಲ್ಲಿ ಒರಿಜಿನಲ್ ಸೌಂಡ್ ಆನ್ ಅಂತ ಇದೆಯಾ ನೋಡಲೇಬೇಕು. ಗೂಗಲ್ ಮೀಟ್‌ನಲ್ಲಾದರೆ ಆಡಿಯೊ ಸೆಟ್ಟಿಂಗ್ಸ್‌ನ ನಾಯ್ಸ್ ಕ್ಯಾನ್ಸಲೇಷನ್ ಆಫ್ ಮಾಡಿ.

ಹಳೇವೈರು:
ಷಡ್ಜ ಅವರೇ, ಎಕೋ ಕ್ಯಾನ್ಸಲೇಷನ್ ತೆಗೆಯೋದು ಹೆಡ್‌ಫೋನ್ ಹಾಕಿಕೊಂಡರೆ ಮಾತ್ರ. ಸ್ಪೀಕರಿನಲ್ಲಿ ಕೇಳುತ್ತಾ ತೆಗೆದರೆ ಶಿಷ್ಯನಿಗೆ ತನ್ನದೇ ವೀಣೆ ಮಾರ್ದನಿಯಾಗಿ ವಾಪಸ್ ಬರುತ್ತೆ. ಗುರುಗಳಿಗೆ ಹೆಡ್‌ಫೋನ್ ಹಿಂಸೆ ಅನಿಸಿದರೆ ಎಕೋ ಕ್ಯಾನ್ಸಲೇಷನ್ ಆನ್ ಆಗೇ ಇರಲಿ.

ಬ್ಲೂಟೂತ್ ಹೆಡ್‌ಸೆಟ್ಟಂತೂ ಬೇಡವೇ ಬೇಡ. ಅದರ ಮೈಕ್ ಚಾಲೂ ಆದ ಕೂಡಲೇ ಸಾಮಾನ್ಯವಾಗಿ ಫೋನ್ ಮಟ್ಟದ ಧ್ವನಿಗೆ ಇಳಿಯುತ್ತೆ, ಮೇಲಿನ ಸ್ವರಾಂಶಗಳೆಲ್ಲ ಹೋಗಿಬಿಡುತ್ತವೆ. ವೈರಿನದೇ ತನ್ನಿ. ಇಂಟರ್ನೆಟ್ಟಿಗೂ ವೈಫೈ ಬದಲು ಕೇಬಲ್ ಎಳೆಯಿರಿ.

ತಂಬೂರಿಯನ್ನು ಕರೆಯ ಮೂಲಕ ಕಳಿಸುವ ಬದಲು ಎರಡೂ ಕಡೆ ಒಂದೇ ಶ್ರುತಿಯಲ್ಲಿ ಇಟ್ಟುಕೊಳ್ಳೋದು ವಾಸಿ. ಇಬ್ಬರೂ ಒಟ್ಟಿಗೆ ನುಡಿಸೋದಂತೂ ಯಾವ ಸೆಟ್ಟಿಂಗಿನಿಂದಲೂ ಆಗಲ್ಲ, ಧ್ವನಿ ಹೋಗಿ ಬರುವಷ್ಟರಲ್ಲಿ ತಾಳ ತಪ್ಪಿರುತ್ತೆ. ಗುರು ನುಡಿಸಿ ನಿಲ್ಲಿಸಲಿ, ಶಿಷ್ಯ ತಾನೇ ತಾಳ ಹಾಕಿಕೊಂಡು ಒಪ್ಪಿಸಲಿ.

ತಂತಿನಾದ:
ತುಂಬಾ ಉಪಕಾರ. ಲಿಂಕ್ ದಿನಾ ಬದಲಾಗದ ಹಾಗೆ ಮಾಡಬಹುದಾ?

ಹಳೇವೈರು:
ಆಗುತ್ತೆ. ಜೂಮ್‌ನಲ್ಲಿ ಷೆಡ್ಯೂಲ್ ಮಾಡುವಾಗ ರಿಕರಿಂಗ್, ನೋ ಫಿಕ್ಸ್ಡ್ ಟೈಮ್ ಆರಿಸಿದರೆ ಒಂದೇ ಲಿಂಕ್ ಉಳಿಯುತ್ತೆ. ಅದಕ್ಕೆ ಡೆಸ್ಕ್‌ಟಾಪ್‌ನಲ್ಲಿ ಶಾರ್ಟ್‌ಕಟ್ ಮಾಡಿ "ಪಾಠ" ಅಂತ ಹೆಸರಿಡಿ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಮುಗಿಯುತ್ತೆ. ಅದೇ ಶಾರ್ಟ್‌ಕಟ್ ಮತ್ತೆ ಒತ್ತಿ, ಕೂಡಲೇ ತೆರೆಯದಿದ್ದರೆ ಸ್ವಲ್ಪ ಕಾದು ಒತ್ತಿ, ಒರಿಜಿನಲ್ ಸೌಂಡ್ ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿ.