“ದಿನಾ ಕುಡೀತೀರಾ?” ಅಂದ್ರೆ ಎಲ್ಲರೂ ಇಲ್ಲ ಅಂತಾರೆ. ಹೇಗೆ ಕೇಳೋದು?

ಸೇಡಂ ಸಿಎಚ್‌ಓ

ನಾನು ಹಳ್ಳಿಯ ಆರೋಗ್ಯ ಉಪಕೇಂದ್ರದ ಸಿಎಚ್‌ಓ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಉಪಕೇಂದ್ರದ ಸುತ್ತ ಪರ್ಸಿ ಕಲ್ಲಿನ ಖಣಿಗಳಿವೆ. ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡುವಾಗ ಸಿಬ್ಯಾಕ್ ಅನ್ನೋ, ರೋಗದ ಅಪಾಯಕ್ಕೆ ಅಂಕ ಹಾಕುವ ಫಾರಂ ತುಂಬುತ್ತೇವೆ. ಕುಡಿತದ ಬಗ್ಗೆ ಅದರಲ್ಲಿ ಇರೋದು ಒಂದೇ ಪ್ರಶ್ನೆ, ದಿನಾ ಕುಡೀತೀರಾ ಅಂತ. “ಇಲ್ರಿ ಮೇಡಂ, ದಿನಾ ಎಲ್ಲಿ ಕುಡೀತೀವಿ” ಅಂತಾರೆ. ಸೊನ್ನೆ ಬರೆದು ಮುಂದೆ ಹೋಗಬೇಕು. ಶನಿವಾರ ಬಟವಾಡೆ ಆದ ರಾತ್ರಿ ಊರು ಹೇಗಿರುತ್ತೆ ಅಂತ ನನಗೆ ಗೊತ್ತಿದೆ. ಮಾತ್ರೆ ತಪ್ಪಿಸದವರಿಗೂ ಬಿಪಿ 160ರಿಂದ ಇಳಿಯುತ್ತಿಲ್ಲ. ಕುಡಿತ ಎಷ್ಟು ಅಪಾಯದ್ದು ಅಂತ ಅಳೆಯೋಕೆ ಆಡಿಟ್ ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿ ಇದೆಯಲ್ವಾ, ಅದನ್ನು ಯಾರಾದರೂ ಹಳ್ಳಿಯಲ್ಲಿ ಬಳಸುತ್ತಿದ್ದೀರಾ? ಹೊರಗೆ ಜನ ಸಾಲುಗಟ್ಟಿ ಕೂತಿರುವಾಗ ಅಷ್ಟು ಕೇಳೋಕೆ ಆಗುತ್ತಾ?

ಬೀದರ್ ಆಪ್ತಸಮಾಲೋಚಕಿ

ಆಗುತ್ತೆ, ನಾನು ಬಳಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಾಡಿದ್ದೇ ನಿಮ್ಮಂಥ ಸಣ್ಣ ಕೇಂದ್ರಗಳಿಗೆ. ಆದರೆ ಹತ್ತೂ ಎಲ್ಲರಿಗೂ ಬೇಡ. ಮೊದಲ ಮೂರು ಕೇಳಿ, ಅದನ್ನೇ ಆಡಿಟ್-ಸಿ ಅಂತಾರೆ: ಎಷ್ಟು ದಿನಕ್ಕೊಮ್ಮೆ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ ಆರು ಡ್ರಿಂಕ್ ಅಥವಾ ಜಾಸ್ತಿ ಆಗೋದು ಎಷ್ಟು ಸಲ. ಮೂರಕ್ಕೂ ಸೇರಿ ಹೆಚ್ಚೆಂದರೆ 12 ಅಂಕ. ಗಂಡಸರಿಗೆ 4, ಹೆಂಗಸರಿಗೆ 3 ಅಥವಾ ಜಾಸ್ತಿ ಬಂದರೆ ಉಳಿದ ಏಳನ್ನೂ ಕೇಳಿ.

ತೊಡಕಿರೋದು ಈ ‘ಡ್ರಿಂಕ್’ನಲ್ಲಿ. ನಮ್ಮ ಕಡೆ ಯಾರೂ ಆ ಲೆಕ್ಕದಲ್ಲಿ ಕುಡಿಯಲ್ಲ. ಒಂದು ಡ್ರಿಂಕ್ ಅಂದ್ರೆ 10 ಗ್ರಾಂ ಆಲ್ಕೋಹಾಲ್, ಸುಮಾರು 30 ಎಂಎಲ್ ವಿಸ್ಕಿ. ಹಾಗಾಗಿ 90 ಎಂಎಲ್ ಪಾಕೀಟು ಮೂರು ಡ್ರಿಂಕ್, 180 ಎಂಎಲ್‌ನ ಕ್ವಾರ್ಟರ್ ಆರು, 650 ಎಂಎಲ್ ಸ್ಟ್ರಾಂಗ್ ಬಿಯರ್ ಹತ್ತಿರ ಹತ್ತಿರ ನಾಲ್ಕು. ನನ್ನ ಡ್ರಾಯರ್‌ನಲ್ಲಿ ಒಂದು ಖಾಲಿ ಪಾಕೀಟು, ಒಂದು ಖಾಲಿ ಕ್ವಾರ್ಟರ್ ಬಾಟಲಿ ಇವೆ. ತೆಗೆದು ಮೇಜಿನ ಮೇಲೆ ಇಡುತ್ತೇನೆ. “ಸ್ವಲ್ಪೇ ರೀ” ಅಂದವರು ಬಾಟಲಿ ಮೇಲೆ ಬೆರಳಿಟ್ಟು ಎಲ್ಲಿವರೆಗೆ ಅಂತ ತಾವೇ ತೋರಿಸುತ್ತಾರೆ. ಕೆಲವರು ಬಾಟಲಿ ಬಿಟ್ಟು ಪಾಕೀಟು ಎತ್ತಿ, “ಇಂಥವು ಎರಡು” ಅಂತಾರೆ. ಎರಡಾದರೂ ಕ್ವಾರ್ಟರೇ ಅಲ್ವಾ!

ನಿಮ್ಮ ಶನಿವಾರದವರನ್ನೇ ತಗೊಳ್ಳಿ. ವಾರಕ್ಕೊಮ್ಮೆ ಕುಡಿದರೆ 2 ಅಂಕ. ಕ್ವಾರ್ಟರ್ ಅಂದರೆ ಆರು ಡ್ರಿಂಕ್, ಅದಕ್ಕೆ 2. ಪ್ರತಿ ವಾರ ಆರು ಮುಟ್ಟಿದರೆ 3. ಒಟ್ಟು 7. ಸಿಬ್ಯಾಕ್‌ನಲ್ಲಿ ಸೊನ್ನೆ ಬಂದ ಮನುಷ್ಯ ಇವನೇ! ಕೇಜ್ ಅಂತ ನಾಲ್ಕೇ ಪ್ರಶ್ನೆಗಳ ಪಟ್ಟಿಯೂ ಇದೆ, 1984ರದು. ಅದು ಆಗಲೇ ಚಟಕ್ಕೆ ಬಿದ್ದವರನ್ನು ಹಿಡಿಯುತ್ತೆ, ಇಂಥವರನ್ನು ಬಿಟ್ಟುಬಿಡುತ್ತೆ.

ತಂಬಾಕು ಕೇಳಿದ ಮೇಲೆ, ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಾ, “ಎಷ್ಟು ದಿನಕ್ಕೊಮ್ಮೆ ಆಗ್ತದ್ರಿ?” ಅಂತ ಕೇಳಿ. ಪಕ್ಕದಲ್ಲಿ ಹೆಂಡತಿ, ನೆರೆಯವರು ಇರಬಾರದು.

ಯಾದಗಿರಿ ಸ್ಟಾಫ್ ನರ್ಸ್

ಮೇಡಂ ಹೇಳಿದ್ದು ಸರಿ. ಆದರೆ ಆರನೇ ಪ್ರಶ್ನೆಗೆ ಬಂದಾಗ ನಿಧಾನಿಸಿ. ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಾ ಅನ್ನೋ ಪ್ರಶ್ನೆ ಅದು. ಹೌದು ಅಂದರೆ, ಕೈ ನಡುಗುತ್ತಿದ್ದರೆ, ದಯವಿಟ್ಟು “ನಾಳೆಯಿಂದಲೇ ಬಿಡ್ರಿ” ಅನ್ನಬೇಡಿ. ಇಂಥವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಭ್ರಮೆ, ಬಡಬಡಿಕೆ ಶುರುವಾದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಬಿಡಿಸಬೇಕು.

ಇನ್ನೊಂದು, ತೆಲಂಗಾಣ ಗಡಿ ಕಡೆ ಸೇಂದಿ ಕುಡಿಯುವವರಿಗೆ ಡ್ರಿಂಕ್ ಲೆಕ್ಕ ಕೂಡಿಬರಲ್ಲ. ಕಲಬೆರಕೆ ಸೇಂದಿಯಲ್ಲಿ ಸಿಎಚ್ ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್, ಇರಬಹುದು. ಅದು ನಿದ್ದೆ ಬರಿಸುವ ಔಷಧ. ಅಂಕ ಕಮ್ಮಿ ಬಂದರೂ ಅವರನ್ನು ಡಾಕ್ಟರಿಗೆ ತೋರಿಸಿ.

ಸೇಡಂ ಸಿಎಚ್‌ಓ

ಇಬ್ಬರಿಗೂ ಥ್ಯಾಂಕ್ಸ್. ಹತ್ತೂ ಕೇಳಿ 9, 10 ಅಂಕ ಬಂತು ಅಂತಿಟ್ಟುಕೊಳ್ಳಿ. ಅವರಿಗೆ ಏನು ಹೇಳೋದು?

ಬೀದರ್ ಆಪ್ತಸಮಾಲೋಚಕಿ

ಐದು ನಿಮಿಷದ ಮಾತು ಸಾಕು. ಒಟ್ಟು 40ರಲ್ಲಿ 8 ಅಥವಾ ಜಾಸ್ತಿ ಬಂದರೆ ಅಪಾಯದ ಕುಡಿತ ಅಂತ ಲೆಕ್ಕ, ನಿಮ್ಮದು 9 ಇದೆ ಅಂತ ಅಂಕ ತೋರಿಸಿ. ಬಿಪಿ ಇಳಿಯದೇ ಇರೋಕೆ ಇದೂ ಕಾರಣ ಇರಬಹುದು ಅಂತ ಹೇಳಿ. ಬೈಬೇಡಿ. ಎಷ್ಟು ಕಮ್ಮಿ ಮಾಡ್ತೀರಿ ಅಂತ ಅವರ ಬಾಯಿಂದಲೇ ಬರಲಿ. ಅದನ್ನು ಕಾರ್ಡಿನಲ್ಲಿ ಬರೆದು, ಮುಂದಿನ ಬಿಪಿ ದಿನ ಮತ್ತೆ ಕೇಳಿ. 16 ಅಥವಾ ಜಾಸ್ತಿ ಬಂದವರಿಗೆ ಒಂದೇ ಸಲದ ಮಾತು ಸಾಲಲ್ಲ, ಮೇಲಿಂದ ಮೇಲೆ ಕರೆಸಬೇಕು. 20 ಅಥವಾ ಜಾಸ್ತಿ ಬಂದರೆ ಮಾನಸಿಕ ಆರೋಗ್ಯದ ಡಾಕ್ಟರ್ ಹತ್ತಿರ ಕಳಿಸಿ. ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಬೇಕಿಲ್ಲ.