ಮಾರ್ಬಲ್ಸ್ ವುಡ್‌ಕ್ರಾಫ್ಟ್ ಬೇಟೆಚಾಕು: 1916ರದ್ದೇ? ಪಾಲಿಶ್ ಮಾಡಿಸಬಹುದೇ?

ಹಳೇಚಾಕು:
ಮಿಶಿಗನ್‌ನ ಎಸ್ಟೇಟ್ ಸೇಲ್ (ಮನೆಯ ಹಳೇ ಸಾಮಾನಿನ ಮಾರಾಟ) ಒಂದರಲ್ಲಿ ಮಾರ್ಬಲ್ಸ್ ಕಂಪನಿಯ ವುಡ್‌ಕ್ರಾಫ್ಟ್ ಬೇಟೆಚಾಕು ಇದೆ, ಇನ್ನೂ ಕೊಂಡಿಲ್ಲ. ಅಲಗಿನ ಮೇಲೆ ಮಾರ್ಬಲ್ಸ್, ಅವರ ಊರು ಗ್ಲ್ಯಾಡ್‌ಸ್ಟೋನ್, ಕೆಳಗೆ ಪೇಟೆಂಟ್ 1916 ಎಂಬ ಮುದ್ರೆ. ಚರ್ಮದ ಬಿಲ್ಲೆಗಳ ಹಿಡಿ, ಅಲ್ಯುಮಿನಿಯಂ ತುದಿ. ಗಾರ್ಡ್ (ಹಿಡಿಗೂ ಅಲಗಿಗೂ ನಡುವಿನ ಹಿತ್ತಾಳೆ ತಡೆ) ಬುಡದಲ್ಲಿ ಹಸಿರು ಮೇಣದಂಥದ್ದು ಕೂತಿದೆ. ಅಲಗಿಡೀ ಕಂದು ಬಣ್ಣ, ಎರಡು ಕಡೆ ಕೆಂಪು ತುಕ್ಕು. ಹಿಡಿ ತಿರುಚಿದರೆ ಕೊಂಚ ಅಲ್ಲಾಡುತ್ತದೆ. ಇದು 1916ರದ್ದೇ? ಬಫಿಂಗ್ (ಚಕ್ರಕ್ಕೆ ಹಿಡಿದು ಹೊಳಪು) ಮಾಡಿಸಿದರೆ ಬೆಲೆ ಏರುತ್ತದೆಯೇ?

ಸಾಣೆಕಲ್ಲು:
1916 ಪೇಟೆಂಟ್ ಸಿಕ್ಕ ವರ್ಷ, ಚಾಕು ಮಾಡಿದ ವರ್ಷವಲ್ಲ. ಆ ಮುದ್ರೆಯನ್ನು ಆಮೇಲೂ ಎಷ್ಟೋ ವರ್ಷ ಒತ್ತಿದ್ದಾರೆ. "1916ರ ಚಾಕು" ಅಂತ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ. ಕಂಪನಿಯಿಂದ ಕಂಪನಿಗೆ ಲೆಕ್ಕವೇ ಬೇರೆ: ವೆಸ್ಟರ್ನ್‌ನವರು 1977ರಿಂದ ಮಾದರಿ ಸಂಖ್ಯೆಯ ಜೊತೆ ವರ್ಷಕ್ಕೊಂದು ಅಕ್ಷರ ಹಾಕಿದರು, ಬಕ್‌ನವರು 1986ರಿಂದ ಚಿಹ್ನೆ ಹಾಕಿದರು. ಮಾರ್ಬಲ್ಸ್‌ನಲ್ಲಿ ಇಂಥ ಸುಲಭದ ಗುರುತಿಲ್ಲ. ಮುದ್ರೆ, ಹಿಡಿಯ ತುದಿ, ಒರೆ ಮೂರನ್ನೂ ಒಟ್ಟಿಗಿಟ್ಟು ನೋಡಬೇಕು.

ವರ್ಷಕ್ಕಿಂತ ಮುಖ್ಯ, ಅಲಗು ಎಷ್ಟು ಉಳಿದಿದೆ ಅನ್ನೋದು. ಗಾರ್ಡ್‌ನಿಂದ ಮೊನೆಗೆ ನಾಲ್ಕೂವರೆ ಇಂಚು ಇರಬೇಕು. ಹೊಟ್ಟೆ ದುಂಡಗೆ ಉಬ್ಬಿ, ಮೊನೆ ಮೇಲಕ್ಕೆ ಎದ್ದಿರಬೇಕು. ಗಾರ್ಡ್ ಹತ್ತಿರದ ಮೊದಲ ಅರ್ಧ ಇಂಚನ್ನು ಬೆಳಕಿಗೆ ಹಿಡಿದು ನೋಡಿ. ಸಾಣೆ ಜಾಸ್ತಿಯಾಗಿದ್ದರೆ ಅಲ್ಲಿ ಬಾಯಿ ಗುಳಿ ಬಿದ್ದಿರುತ್ತದೆ. ಬೆನ್ನ ಮೇಲೆ ಹೆಬ್ಬೆರಳಿಗೆಂದು ಕೊರೆದ ಗೀರುಗಳು ಬೆರಳಿಗೆ ಒರಟಾಗಿ ಸಿಗಬೇಕು. ಅವು ನುಣುಪಾಗಿ, ಅಕ್ಷರಗಳ ಅಂಚೂ ಕರಗಿದ್ದರೆ ಯಾರೋ ಈಗಾಗಲೇ ಬಫ್ ಮಾಡಿದ್ದಾರೆ. ಬಫಿಂಗ್ ಚಕ್ರ ತಿನ್ನೋದು ಇವನ್ನೇ. ದಯವಿಟ್ಟು ಮಾಡಿಸಲೇಬೇಡಿ, ಹೋದ ಲೋಹ ಮತ್ತೆ ಬರುವುದಿಲ್ಲ.

ಒರೆ_ಬೇರೆ:
ಹಸಿರಾಗಿರೋದು ಕಿಲುಬು. ಚರ್ಮದಲ್ಲಿನ ಹುಳಿ, ಎಣ್ಣೆಗಳು ಹಿತ್ತಾಳೆ ಜೊತೆ ಸೇರಿ ಹಾಗಾಗುತ್ತದೆ. ಮೊದಲು ಒಣಗಿದ್ದಾಗಲೇ ಮರದ ಟೂತ್‌ಪಿಕ್‌ನಿಂದ ಕೆರೆದು ತೆಗೆಯಿರಿ. ಉಳಿದದ್ದರ ಮೇಲೆ ಒಂದು ಹನಿ ಮಿನರಲ್ ಆಯಿಲ್ ಬಿಟ್ಟು, ಮರುದಿನ ಹತ್ತಿಬಟ್ಟೆಯಿಂದ ಒರೆಸಿ. ವಿನೆಗರ್ ಬೇಡ, ಅಲಗಿನ ಕಾರ್ಬನ್ ಸ್ಟೀಲ್ ಬೂದು ಬಣ್ಣಕ್ಕೆ ತಿರುಗುತ್ತದೆ. ಹಿತ್ತಾಳೆ ಪಾಲಿಶ್ ಕೂಡ ಬೇಡ, ಅದರ ಬಿಳಿ ಪುಡಿ ಬಿಲ್ಲೆಗಳ ಸಂದಿಗೆ ಹೋಗಿ ಕೂರುತ್ತದೆ.

ಕೆಂಪು ತುಕ್ಕು ಮಾತ್ರ ತೆಗೆಯಬೇಕಾದ್ದು. ಎಣ್ಣೆ ಹಚ್ಚಿ, ನಾಲ್ಕು ಸೊನ್ನೆ ನಂಬರಿನ (0000, ತೀರಾ ನಯವಾದ) ಉಕ್ಕಿನ ನಾರಿನಿಂದ ಅಲಗಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಮುದ್ರೆಯ ಹತ್ತಿರ ಹೋಗಬೇಡಿ. ಕಂದು ಬಣ್ಣ ಹಾಗೇ ಇರಲಿ, ಸಂಗ್ರಾಹಕರು ಹುಡುಕೋದೇ ಅದನ್ನ. ಕೊನೆಗೆ ಮೈಕ್ರೋಕ್ರಿಸ್ಟಲಿನ್ ವ್ಯಾಕ್ಸ್ (ಲೋಹ ಕಾಯುವ ಮೇಣ) ತೆಳ್ಳಗೆ ಹಚ್ಚಿ.

ಚಾಕು, ಒರೆ ಎರಡನ್ನೂ ಒಟ್ಟಿಗೆ ಕೊಳ್ಳಿ, ಬೇರೆ ಬೇರೆ ಇಡಿ. ಒರೆಯ ಚರ್ಮ ತೇವ ಹಿಡಿದುಕೊಂಡು ಅಲಗನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಖಾಲಿ ಒರೆ ಚಪ್ಪಟೆಯಾಗದಂತೆ ಒಳಗೆ ಆಸಿಡ್ ಇಲ್ಲದ ಕಾಗದ ತುಂಬಿ.

ಹಳೇಚಾಕು:
ಅಳೆದೆ. ನಾಲ್ಕೂಕಾಲು ಇಂಚಿಗೂ ಒಂದೆಳೆ ಕಡಿಮೆ ಬಂತು, ಗಾರ್ಡ್ ಹತ್ತಿರ ಗುಳಿಯೂ ಇದೆ. ಹಿಡಿ ಬಿಗಿ ಮಾಡಲು ಎಣ್ಣೆಯಲ್ಲಿ ನೆನೆಸಲೇ?

ಸಾಣೆಕಲ್ಲು:
ನೆನೆಸಬೇಡಿ. ಎಣ್ಣೆ ಕುಡಿದ ಬಿಲ್ಲೆಗಳು ಮೆತ್ತಗಾಗಿ ಕಪ್ಪಾಗುತ್ತವೆ, ಹಿಡಿತ ಮತ್ತಷ್ಟು ಸಡಿಲ. ಹಳೆಯ ಚರ್ಮ ಒಣಗಿ ಕುಗ್ಗಿದ್ದರಿಂದಲೇ ಸಂದಿ ಬಿದ್ದಿರೋದು. ಚರ್ಮದ ಕಂಡೀಷನರನ್ನು ಬೆರಳ ತುದಿಯಲ್ಲಿ ಚೂರೇ ಚೂರು ಸವರಿ, ಒಂದು ದಿನ ಬಿಟ್ಟು ನೋಡಿ. ಹಿಡಿಯ ತುದಿಯನ್ನು ತಿರುಗಿಸಲು ಇಕ್ಕಳ ಹಾಕಲೇಬೇಡಿ. ಮೃದುವಾದ ಅಲ್ಯುಮಿನಿಯಂ ಮೇಲೆ ಹಲ್ಲಿನ ಗುರುತು ಬಿದ್ದರೆ ಅಳಿಸಲಾಗದು, ಒಳಗಿನ ತಿರುಪಿನ ಸುತ್ತು ಕಿತ್ತು ಹೋದರೆ ಹಿಡಿಯೇ ಬಿಚ್ಚಿಕೊಳ್ಳುತ್ತದೆ.

ಕಾಲು ಇಂಚಿಗಿಂತ ಹೆಚ್ಚು ಅಲಗು ಹೋಗಿದೆ. ಒರೆ ಆ ಕಾಲದ್ದೇ ಆಗಿದ್ದು, ಹೊಲಿಗೆ ಗಟ್ಟಿಯಿದ್ದರೆ ಮಾತ್ರ ಕೊಳ್ಳಿ. ಅದೂ ಬಳಸುವ ಚಾಕುವಿನ ಬೆಲೆಗೆ, ಸಂಗ್ರಹದ ಬೆಲೆಗಲ್ಲ.