ಸ್ಲಾಟ್ ಮೆಷಿನ್: ಮೂರನೇ ಏಳು ಗೆರೆಯ ಕೆಳಗೇ ಯಾಕೆ ನಿಲ್ಲುತ್ತದೆ?

ಕುಂಬಳೆಯವ:
ನಮ್ಮ ಕಾಸರಗೋಡಿನ ಕಡೆಯಿಂದ ಮಡಗಾಂವ್ ರೈಲು ಹತ್ತಿ ಗೋವಾ ಕ್ಯಾಸಿನೋಗೆ ಹೋಗಿ ಬರುವವರ ಬಾಯಲ್ಲಿ ಸ್ಲಾಟ್ ಮೆಷಿನ್ (ದುಡ್ಡು ಹಾಕಿ ಗುಂಡಿ ಒತ್ತಿದರೆ ಚಿತ್ರದ ಚಕ್ರಗಳು ತಿರುಗುವ ಜೂಜಿನ ಯಂತ್ರ) ಬಗ್ಗೆ ಎರಡು ಮಾತು ಕೇಳುತ್ತೇನೆ. ಬಹಳ ಹೊತ್ತು ದುಡ್ಡು ಕೊಡದ ಮೆಷಿನ್ ಇನ್ನೇನು ಕೊಡಲಿಕ್ಕೆ ಆಯಿತು ಎಂಬುದು ಒಂದು. ಎರಡು ಚಕ್ರದ ಏಳು (7) ಗೆಲುವಿನ ಗೆರೆಗೆ ಬಂದು ಮೂರನೆಯದು ಸ್ವಲ್ಪ ಕೆಳಗೆ ನಿಂತರೆ "ಕೂದಲೆಳೆಯಲ್ಲಿ ತಪ್ಪಿತು" ಎಂಬುದು ಇನ್ನೊಂದು. ಒಳಗೆ ನಿಜವಾಗಿ ನಡೆಯುವುದೆಂತ? ಹೊತ್ತು ನೋಡಿ ಗುಂಡಿ ಒತ್ತಿದರೆ ಪ್ರಯೋಜನ ಉಂಟಾ? ತಿಳಿದವರು ಲೆಕ್ಕ ಸಮೇತ ಹೇಳಿ.

ಉಪ್ಪಳದ ಮೆಕ್ಯಾನಿಕ್:
ಎರಡೂ ತಪ್ಪು. ಬೋರ್ಡಿನಲ್ಲಿ ರ್‍ಯಾಂಡಮ್ ನಂಬರ್ ಜನರೇಟರ್ ಎಂಬ ಪ್ರೋಗ್ರಾಂ ಇರುತ್ತದೆ. ಯಾರೂ ಆಡದಿದ್ದಾಗಲೂ ಅದು ಅಂಕಿ ಬದಲಿಸುತ್ತಲೇ ಇರುತ್ತದೆ, ಸೆಕೆಂಡಿಗೆ ನೂರಾರು ಸಲ. ಗುಂಡಿ ಒತ್ತಿದ ಕ್ಷಣಕ್ಕೆ ಸಿಕ್ಕಿದ ಅಂಕಿಯೇ ಫಲಿತಾಂಶ. ಚಕ್ರ ತಿರುಗುವ ಮೊದಲೇ ಎಲ್ಲಿ ನಿಲ್ಲಬೇಕೆಂದು ತೀರ್ಮಾನವಾಗಿರುತ್ತದೆ. ಅಲ್ಲಿಗೆ ತಂದು ನಿಲ್ಲಿಸುವುದಷ್ಟೇ ಚಕ್ರವನ್ನು ಹೆಜ್ಜೆ ಹೆಜ್ಜೆಯಾಗಿ ತಿರುಗಿಸುವ ಸ್ಟೆಪ್ಪರ್ ಮೋಟರಿನ ಕೆಲಸ. ಆ ವೇಗಕ್ಕೆ ಬೆರಳಿನ ಲೆಕ್ಕಾಚಾರ ನಡೆಯುವುದಿಲ್ಲ. ಹಿಂದಿನ ಸುತ್ತಿನಲ್ಲಿ ಕೊಟ್ಟಿತೋ ಇಲ್ಲವೋ ಎಂಬುದನ್ನು ಪ್ರೋಗ್ರಾಂ ನೋಡುವುದೇ ಇಲ್ಲ. ಕಳೆದ ವಾರ ಬಹುಮಾನ ಬಾರದ ಕೇರಳ ಲಾಟರಿ ನಂಬರಿಗೆ ಈ ವಾರ ಬರುವ ಸಾಧ್ಯತೆ ಹೆಚ್ಚುತ್ತದಾ? ಇದೂ ಹಾಗೆಯೇ.

ಮಂಜೇಶ್ವರದ ಗಣಿತ ಮಾಷ್ಟ್ರು:
"ಕೂದಲೆಳೆ"ಯ ವಿಷಯ ಬಿಡಿಸಿ ಹೇಳಬೇಕು, ಜನ ಮೋಸ ಹೋಗುವುದೇ ಅಲ್ಲಿ. ಚಾರ್ಲ್ಸ್ ಫೇ 1890ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾಡಿದ ಲಿಬರ್ಟಿ ಬೆಲ್‌ನಲ್ಲಿ ಮೂರು ಚಕ್ರ, ಒಂದೊಂದರಲ್ಲಿ 10 ಚಿತ್ರ. ಒಟ್ಟು 1,000 ಜೋಡಣೆ. ಅಲ್ಲಿ ಕಣ್ಣಿಗೆ ಕಂಡದ್ದೇ ಲೆಕ್ಕ. ಚಕ್ರದಲ್ಲಿ ಕಾಣುವ ಜಾಗಗಳಿಗಿಂತ ಹೆಚ್ಚು ಅಂಕಿಗಳಿಂದ ಫಲಿತಾಂಶ ಹೆಕ್ಕುವ ವಿಧಾನಕ್ಕೆ 1984ರಲ್ಲಿ ಇಂಗೆ ಟೆಲ್ನೆಸ್ ಅವರಿಗೆ ಸಿಕ್ಕಿದ ಪೇಟೆಂಟ್ ಅದನ್ನು ಬದಲಿಸಿತು.

ಒಂದು ಉದಾಹರಣೆ ಹಾಕುತ್ತೇನೆ. ಚಕ್ರದಲ್ಲಿ 22 ನಿಲ್ದಾಣ: 11 ಚಿತ್ರ, ನಡುನಡುವೆ 11 ಖಾಲಿ ಜಾಗ. ಪ್ರತಿ ಚಕ್ರದಲ್ಲಿ ಏಳು ಒಂದೇ ಇದ್ದರೆ ನೋಡುವವನ ಲೆಕ್ಕ 22×22×22, ಅಂದರೆ 10,648ರಲ್ಲಿ ಒಂದು. ಆದರೆ ಪ್ರೋಗ್ರಾಂ ಹೆಕ್ಕುವುದು 22ರಿಂದ ಅಲ್ಲ, 64 ಅಂಕಿಗಳಿಂದ. ಏಳಕ್ಕೆ ಒಂದೇ ಅಂಕಿ ಕೊಟ್ಟು, ಅದರ ಮೇಲಿನ ಮತ್ತು ಕೆಳಗಿನ ಖಾಲಿ ಜಾಗಕ್ಕೆ ಐದೈದು ಕೊಟ್ಟರೆ ಎಂತ ಆಗುತ್ತದೆ? ಏಳು ಗೆರೆಯ ಮೇಲೆ ನಿಲ್ಲುವುದಕ್ಕಿಂತ ಗೆರೆಗೆ ತಾಗಿ ನಿಲ್ಲುವುದು ಹತ್ತು ಪಾಲು ಹೆಚ್ಚು. ಮೂರೂ ಏಳು ಬರುವ ನಿಜ ಸಾಧ್ಯತೆ 2,62,144ರಲ್ಲಿ ಒಂದು. ಹಾಗಾಗಿ ಅದು ತಪ್ಪಿ ಹೋದದ್ದಲ್ಲ ಮಾರಾಯ್ರೆ, ಹಾಗೆ ಕಾಣಲೆಂದೇ ಹಂಚಿಟ್ಟದ್ದು.

ಕುಂಬಳೆಯವ:
ಈಗ ತಲೆಗೆ ಹೋಯಿತು. ಹಾಗಾದರೆ "90 ಶೇಕಡಾ ವಾಪಸ್" ಎಂದು ಹೇಳುವುದು? 2,000 ರೂಪಾಯಿ ಹಾಕಿದರೆ 1,800 ಉಳಿಯಬೇಕಲ್ವಾ?

ಮಂಜೇಶ್ವರದ ಗಣಿತ ಮಾಷ್ಟ್ರು:
ಇಲ್ಲ. ಆ ಶೇಕಡಾ ಕಿಸೆಯ ದುಡ್ಡಿನ ಮೇಲಲ್ಲ, ಕಟ್ಟಿದ ಒಟ್ಟು ಪಣದ ಮೇಲೆ. ಗೆದ್ದದ್ದನ್ನೂ ತಿರುಗಿ ಕಟ್ಟುತ್ತೀರಲ್ಲ. ಸುತ್ತಿಗೆ 50 ರೂಪಾಯಿ, ನಿಮಿಷಕ್ಕೆ 10 ಸುತ್ತು ಎಂದರೆ ಗಂಟೆಗೆ 30,000 ರೂಪಾಯಿ ಪಣ. ಅದರ 10 ಶೇಕಡಾ, ಸರಾಸರಿ 3,000 ರೂಪಾಯಿ ನಷ್ಟ. ನಿಮ್ಮ 2,000 ಸರಾಸರಿ 40 ನಿಮಿಷಕ್ಕೆ ಮುಗಿಯಿತು. ಅಮೆರಿಕದ ನೆವಾಡಾದಲ್ಲಿ ಕಾನೂನಿನ ಕನಿಷ್ಠ ಮಿತಿ 75 ಶೇಕಡಾ, ನ್ಯೂಜೆರ್ಸಿಯಲ್ಲಿ 83.

ಇನ್ನೊಂದು, ವೊಲಾಟಿಲಿಟಿ, ಅಂದರೆ ಗೆಲುವಿನ ಏರಿಳಿತ. ಎರಡು ಮೆಷಿನ್‌ಗಳದ್ದೂ 90 ಶೇಕಡಾವೇ ಇರಬಹುದು. ಒಂದು ಚಿಲ್ಲರೆ ಚಿಲ್ಲರೆಯಾಗಿ ಆಗಾಗ ಕೊಡುತ್ತದೆ, ಇನ್ನೊಂದು ಗಂಟೆಗಟ್ಟಲೆ ನುಂಗಿ ಅಪರೂಪಕ್ಕೆ ದೊಡ್ಡದು ಕೊಡುತ್ತದೆ. ಪ್ರೋಗ್ರೆಸಿವ್ ಜಾಕ್‌ಪಾಟ್ (ಆಡಿದಷ್ಟೂ ಬೆಳೆಯುವ ದೊಡ್ಡ ಬಹುಮಾನ) ಇರುವಲ್ಲಿ ಪ್ರತಿ ಪಣದ ಒಂದು ಪಾಲು ಆ ದೊಡ್ಡ ಹುಂಡಿಗೆ ಹೋಗುತ್ತದೆ, ಹಾಗಾಗಿ ಸಾಮಾನ್ಯ ಗೆಲುವು ತೆಳ್ಳಗೆ.

ಬದಿಯಡ್ಕ ಗೇಮಿಂಗ್:
ವಿಡಿಯೋ ಸ್ಲಾಟಿನ, ಅಂದರೆ ಚಕ್ರಗಳು ಪರದೆಯಲ್ಲಿ ತಿರುಗುವ ಮೆಷಿನಿನ, ಗೆರೆಗಳನ್ನೂ ನೋಡಿಕೊಳ್ಳಿ. 20 ಗೆರೆ, ಗೆರೆಗೆ 1 ರೂಪಾಯಿ ಎಂದರೆ ಸುತ್ತಿಗೆ 20 ರೂಪಾಯಿ. ಒಂದು ಗೆರೆಯಲ್ಲಿ 8 ರೂಪಾಯಿ ಬಂದರೂ ದೀಪ, ಸಂಗೀತ ಎಲ್ಲ ಶುರು. ಹೋದದ್ದು 12 ರೂಪಾಯಿ! ಗೆಲ್ಲಲು "243 ದಾರಿ" ಎಂದು ಬರೆದದ್ದು ಐದು ಚಕ್ರ, ಮೂರು ಸಾಲಿನ ಲೆಕ್ಕ, 3ನ್ನು ಐದು ಸಲ ಗುಣಿಸಿದ್ದು. ವೈಲ್ಡ್ ಎಂಬ ಚಿತ್ರ ಬೇರೆ ಚಿತ್ರದ ಬದಲಿಗೆ ನಿಲ್ಲುತ್ತದೆ. ಸ್ಕ್ಯಾಟರ್ ಎಂಬ ಚಿತ್ರಕ್ಕೆ ಗೆರೆಯ ಹಂಗಿಲ್ಲ, ಹೆಚ್ಚಾಗಿ ಮೂರು ಬಂದರೆ ಫ್ರೀ ಸ್ಪಿನ್, ಅಂದರೆ ಪಣವಿಲ್ಲದ ಸುತ್ತು. ಆಡುವ ಮೊದಲು ಪೇ ಟೇಬಲ್ (ಯಾವುದಕ್ಕೆ ಎಷ್ಟು ಕೊಡುತ್ತದೆ ಎಂಬ ಪಟ್ಟಿ) ತೆರೆದು ಓದಿ.

ಉಪ್ಪಳದ ಮೆಕ್ಯಾನಿಕ್:
ಕೆಡುವ ವಿಷಯ ಬಿಟ್ಟುಹೋಯಿತು. ಚಕ್ರದ ಸ್ಥಾನ ಗುರುತಿಸುವ ಆಪ್ಟಿಕಲ್ ಸೆನ್ಸರಿಗೆ ಧೂಳು ಕೂತರೆ ಬೋರ್ಡ್ ಹೇಳಿದ ಜಾಗಕ್ಕೂ ಚಕ್ರ ನಿಂತ ಜಾಗಕ್ಕೂ ತಾಳೆ ಆಗುವುದಿಲ್ಲ. ಮೆಷಿನ್ "ಟಿಲ್ಟ್" ಎಂಬ ದೋಷದ ಸೂಚನೆ ತೋರಿಸಿ ನಿಲ್ಲುತ್ತದೆ. ನೋಟು ತೆಗೆದುಕೊಳ್ಳುವ ಭಾಗದ ಸೆನ್ಸರ್ ಕೊಳೆಯಾದರೆ ಒಳ್ಳೆಯ ನೋಟನ್ನೂ ಹೊರಗೆ ದೂಡುತ್ತದೆ. ದೋಷವಿದ್ದಾಗ ಬಂದ ಗೆಲುವು ರದ್ದು ಎಂದು ಮೆಷಿನಿನ ಮೇಲೆ ಸಾಮಾನ್ಯವಾಗಿ ಬರೆದೇ ಇರುತ್ತದೆ. ಟಿಲ್ಟ್ ಬಂದರೆ ಬೇರೆ ಗುಂಡಿ ಒತ್ತಬೇಡಿ, ಸಿಬ್ಬಂದಿಯನ್ನು ಕರೆಯಿರಿ.

ಬದಿಯಡ್ಕ ಗೇಮಿಂಗ್:
ಗೋವಾದ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನಿಗೆ ದಾರಿಯಾದದ್ದು 1992ರ ಕಾನೂನು ತಿದ್ದುಪಡಿಯಿಂದ. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಸ್ಲಾಟ್ ಆ್ಯಪ್‌ಗಳ ಮಾತು ಬೇರೆ: ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥ ಆ್ಯಪಿನ ಅಂಕಿಗಳನ್ನು ಯಾರು ಹೇಗೆ ಹಂಚಿದ್ದಾರೆಂದು ಪರೀಕ್ಷಿಸುವವರು ಇಲ್ಲಿ ಯಾರೂ ಇಲ್ಲ.